ಕರ್ನೆಲ್ಲಿನ ಪುಟಸಂಗ್ರಹ: ಬರೆದದ್ದು ಉಳಿಯುವುದು ಯಾವಾಗ?

ಗಣಕಯಂತ್ರದಲ್ಲಿ ಟೈಪು ಮಾಡಿದ ಬರೆಹವನ್ನು ‘ಸೇವ್’ ಮಾಡಿದೊಡನೆ ಅದು ಶಾಶ್ವತವಾಯಿತೆಂದು ವಿದ್ಯಾರ್ಥಿಗಳು ಭಾವಿಸುವುದು ಸಹಜ. ವಾಸ್ತವವಾಗಿ ಆ ಕ್ಷಣದಲ್ಲಿ ಬರೆಹವು ಹಲವೊಮ್ಮೆ ಡಿಸ್ಕನ್ನು ತಲುಪಿಯೇ ಇರುವುದಿಲ್ಲ. ಅವಸರದಲ್ಲಿ ಪೆನ್‌ಡ್ರೈವನ್ನು ಕಿತ್ತಾಗ ತಿಂಗಳುಗಟ್ಟಲೆ ಶ್ರಮಿಸಿದ ಪ್ರಬಂಧ ಹಾಳಾಗುವುದಕ್ಕೆ ಇದೊಂದು ಮುಖ್ಯ ಕಾರಣ.

ಕನ್ನಡದ ‘ಕಡತ’ ಎಂಬ ಪದವೇ ಈ ವಿಷಯವನ್ನು ಬಿಡಿಸಿ ಹೇಳಬಲ್ಲುದು. ಇಂದು ‘ಫೈಲ್’ ಎಂಬುದಕ್ಕೆ ಬಳಕೆಯಾಗುವ ಈ ಪದವು ಹಿಂದೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿಯನ್ನು ಬಳಿದ ಬಟ್ಟೆಯ ಮಡಿಕೆ ಪುಸ್ತಕವನ್ನು ಸೂಚಿಸುತ್ತಿತ್ತು. ಅದರಲ್ಲಿ ಬಳಪದಿಂದ ಬರೆಯಬಹುದು, ಅಳಿಸಿ ಮತ್ತೆ ಬರೆಯಬಹುದು. ಗಣಕದ ಸ್ಮೃತಿ, ಅಂದರೆ ರ‍್ಯಾಮ್, ಇಂತಹ ಬಳಪದ ಬರೆಹ. ಡಿಸ್ಕು ಕಲ್ಲಿನ ಶಾಸನ. ಮೊದಲನೆಯದು ವೇಗಶಾಲಿ, ಆದರೆ ವಿದ್ಯುತ್ತು ಹೋದರೆ ಅಳಿಯುವಂಥದು. ಎರಡನೆಯದು ನಿಧಾನ, ಆದರೆ ಉಳಿಯುವಂಥದು. ರ‍್ಯಾಮಿನಿಂದ ಓದಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಹಾರ್ಡ್‌ಡಿಸ್ಕಿಗೆ ಹಲವು ಮಿಲಿಸೆಕೆಂಡ್ ಬೇಕು. ಈ ಅಂತರ ಹತ್ತಾರು ಸಾವಿರ ಪಟ್ಟಿನದು.

ಈ ಎರಡರ ನಡುವೆ ವ್ಯವಹರಿಸುವುದು ಕಾರ್ಯನಿರ್ವಹಣಾ ವ್ಯವಸ್ಥೆಯ ತಿರುಳಾದ ಕರ್ನೆಲ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್ ಇಂದು ಆಂಡ್ರಾಯ್ಡ್ ಮೊಬೈಲುಗಳಲ್ಲಿಯೂ ಇದೆ. ಅದು ಸ್ಮೃತಿಯನ್ನು ಪುಟಗಳಾಗಿ ವಿಭಾಗಿಸಿಕೊಳ್ಳುತ್ತದೆ. ಒಂದು ಪುಟವು ಸಾಮಾನ್ಯವಾಗಿ 4096 ಬೈಟುಗಳದು. ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟು ಬೇಕು. ‘ಕ್ಷ’ ಎಂಬುದು ಕಕಾರ, ವಿರಾಮಚಿಹ್ನೆ ಮತ್ತು ಷಕಾರ ಎಂಬ ಮೂರು ಸಂಕೇತಗಳಾದುದರಿಂದ 9 ಬೈಟುಗಳನ್ನು ಆಕ್ರಮಿಸುತ್ತದೆ. ಹೀಗೆ ಒಂದು ಪುಟದಲ್ಲಿ ಸುಮಾರು 1365 ಕನ್ನಡ ಸಂಕೇತಗಳು ಹಿಡಿಸುತ್ತವೆ.

ಕಡತವೊಂದನ್ನು ಮೊದಲ ಬಾರಿ ತೆರೆದಾಗ ಕರ್ನೆಲ್ ಅದನ್ನು ಡಿಸ್ಕಿನಿಂದ ತಂದು ಸ್ಮೃತಿಯ ಪುಟಗಳಲ್ಲಿ ಇರಿಸಿಕೊಳ್ಳುತ್ತದೆ. ಇದೇ ಪುಟಸಂಗ್ರಹ, ಅಂದರೆ ಪೇಜ್ ಕ್ಯಾಶ್. ಅದೇ ಕಡತವನ್ನು ಮತ್ತೆ ಕೇಳಿದಾಗ ಡಿಸ್ಕಿನವರೆಗೆ ಹೋಗಬೇಕಾಗಿಲ್ಲ. ಬೇರೆ ಕೆಲಸಕ್ಕೆ ಬೇಡವಾದ ಸ್ಮೃತಿಯನ್ನೆಲ್ಲ ಕರ್ನೆಲ್ ಈ ಸಂಗ್ರಹಕ್ಕೆ ಬಳಸಿಕೊಳ್ಳುವುದರಿಂದ ‘ಖಾಲಿ ಸ್ಮೃತಿ’ ಸದಾ ಕಡಮೆಯಾಗಿ ತೋರುತ್ತದೆ. ಅದು ದೋಷವಲ್ಲ. ಸ್ಥಳದ ಅಗತ್ಯ ಬಿದ್ದಾಗ, ಬಹುಕಾಲ ಬಳಕೆಯಾಗದ ಪುಟಗಳನ್ನು ಕರ್ನೆಲ್ ಮೊದಲು ತೆರವುಗೊಳಿಸುತ್ತದೆ.

ಬರೆಯುವಾಗಲೂ ಇದೇ ಕ್ರಮ. ತಿದ್ದುಪಡಿ ಮೊದಲು ಸ್ಮೃತಿಯ ಪುಟದಲ್ಲಿ ಆಗುತ್ತದೆ. ಡಿಸ್ಕಿನ ಪ್ರತಿಗಿಂತ ಭಿನ್ನವಾದ ಈ ಪುಟಕ್ಕೆ ‘ಮಲಿನ ಪುಟ’ವೆಂದು ಹೆಸರು. ಲಿನಕ್ಸಿನ ರೂಢಿಯ ಹೊಂದಿಕೆಯಂತೆ, ಪ್ರತಿ 5 ಸೆಕೆಂಡಿಗೊಮ್ಮೆ ಎಚ್ಚರಗೊಳ್ಳುವ ಸೇವಕ ಕ್ರಮವೊಂದು 30 ಸೆಕೆಂಡಿಗಿಂತ ಹಳೆಯದಾದ ಮಲಿನ ಪುಟಗಳನ್ನು ಡಿಸ್ಕಿಗೆ ಬರೆಯುತ್ತದೆ. ಅಷ್ಟರೊಳಗೆ ವಿದ್ಯುತ್ತು ಹೋದರೆ ಆ ಬರೆಹ ನಷ್ಟವಾಗಬಹುದು. ಈ ಅಪಾಯವನ್ನು ತಪ್ಪಿಸಲೆಂದೇ ‘ಎಫ್‌ಸಿಂಕ್’ ಎಂಬ ಆದೇಶವಿದೆ: ಕಾಯದೆ ಈಗಲೇ ಡಿಸ್ಕಿಗೆ ಬರೆ ಎಂಬುದು ಅದರ ಅರ್ಥ. ಬ್ಯಾಂಕಿನ ಲೆಕ್ಕದಂತಹ ದತ್ತಾಂಶವನ್ನು ಕಾಯುವ ತಂತ್ರಾಂಶಗಳು ಇಂತಹ ಆದೇಶವನ್ನೇ ನೆಚ್ಚಿಕೊಂಡಿವೆ.

ಪೆನ್‌ಡ್ರೈವನ್ನು ‘ಸುರಕ್ಷಿತವಾಗಿ ತೆಗೆಯಿರಿ’ ಎಂಬ ಸೂಚನೆಯ ಮೂಲಕ ಬಿಡಿಸಿದಾಗ, ಬಾಕಿ ಉಳಿದ ಮಲಿನ ಪುಟಗಳೆಲ್ಲ ಅದಕ್ಕೆ ಬರೆಯಲ್ಪಡುತ್ತವೆ. ಆ ಕೆಲವು ಸೆಕೆಂಡುಗಳ ತಾಳ್ಮೆಯಲ್ಲಿ ಬಳಪದ ಬರೆಹ ಶಾಸನವಾಗುತ್ತದೆ.