ನಿಂತ ಇಂಜಿನನ್ನು ಮತ್ತೆ ನಡೆಸುವ ಬಗೆ

ಮಸೂತಿಯ ಹೊಲಗಳಲ್ಲಿ ಹಾದು ಹೋಗುವವರ ಕಣ್ಣಿಗೆ ಹಳೆಯ ಬಾವಿಗಳ ದಂಡೆಯ ಮೇಲೆ ಅಲ್ಲಲ್ಲಿ ಒಂದು ಚಿಕ್ಕ ಕಲ್ಲಿನ ಖೋಲಿ ಬೀಳುತ್ತದೆ. ಬಾಗಿಲಿಗೆ ತುಕ್ಕು ಹಿಡಿದ ಕೀಲಿ. ಗೋಡೆಯಿಂದ ಹೊರಗೆ ಚಾಚಿದ ಹೊಗೆಯ ಕೊಳವೆ. ಒಳಗೆ ಧೂಳು ಹೊದ್ದು ಕುಳಿತ ಐದು ಅಶ್ವಶಕ್ತಿಯ ಡೀಸೆಲ್ ಇಂಜಿನ್. ಎತ್ತುಗಳು ಮೊಟ್ಟೆ ಎಳೆಯುತ್ತಿದ್ದ ಕಾಲಕ್ಕೂ ಬಾವಿಗೆ ವಿದ್ಯುತ್ತು ಬಂದ ಕಾಲಕ್ಕೂ ನಡುವೆ ಎಷ್ಟೋ ಹೊಲಗಳಿಗೆ ನೀರುಣಿಸಿದವು ಇವೇ. ಇಂದು ನಮ್ಮೂರಿನಲ್ಲಿಯೇ ಮುಳವಾಡ ಏತ ನೀರಾವರಿ ಯೋಜನೆಯ ಜಾಕ್‌ವೆಲ್ ಇದ್ದು, ದೊಡ್ಡ ವಿದ್ಯುತ್ ಪಂಪುಗಳು ಕೃಷ್ಣೆಯ ನೀರನ್ನು ಮೇಲಕ್ಕೆತ್ತುತ್ತವೆ. ಹೀಗಿರುವಾಗ ಆ ಹಳೆಯ ಕಬ್ಬಿಣದ ಮಾತೇಕೆ ಎಂದು ಓದುಗ ಮಿತ್ರರು ಕೇಳಬಹುದು. ಕಳೆದ ಹಿಂಗಾರಿಯವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆನು.

ಆ ಹಿಂಗಾರಿಯಲ್ಲಿ ನಾವು ಎರಡು ಎಕರೆಗೆ ಉಳ್ಳಾಗಡ್ಡಿ ಅಗಿ ಹಚ್ಚಿದ್ದೆವು. ವಾರ ತುಂಬುವಷ್ಟರಲ್ಲಿ ಹೊಲದ ಟಿ.ಸಿ. ಸುಟ್ಟುಹೋಯಿತು. ಹೊಸದು ಬರಲು ಹದಿನೈದು ದಿನಗಳಾದರೂ ಬೇಕೆಂದು ತಿಳಿಯಿತು. ಉಳ್ಳಾಗಡ್ಡಿಯ ಬೇರು ಮೇಲ್ಮಣ್ಣಿನಲ್ಲಿಯೇ ಇರುವುದರಿಂದ ಅದು ಅಷ್ಟು ದಿನ ತಾಳುವ ಬೆಳೆಯಲ್ಲ. ಬಾವಿಯಲ್ಲಿ ನೀರಿತ್ತು, ಎತ್ತುವ ಶಕ್ತಿಯಿರಲಿಲ್ಲ. ಬಾಡಿಗೆಯ ಇಂಜಿನುಗಳನ್ನು ನಮಗಿಂತ ಮೊದಲೇ ಬೇರೆಯವರು ಒಯ್ದಿದ್ದರು. ಕೊನೆಗೆ ನಮ್ಮ ತಂದೆಯವರು, ಹದಿನೈದು ವರ್ಷಗಳಿಂದ ನಿಂತೇ ಇದ್ದ ಮುತ್ಯಾನ ಇಂಜಿನಿನ ಖೋಲಿಯ ಕೀಲಿ ತೆಗೆದರು. ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಯಂತ್ರದ ವಿಷಯವಾಗಿ ಕಲಿತ ಮೊದಲ ಪಾಠ ಅಲ್ಲಿಂದ ಆರಂಭವಾಯಿತು. ಅದು ನಮ್ಮಂಥ ಇತರ ಒಕ್ಕಲು ಮನೆಗಳ ಮಿತ್ರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ಮೊದಲು ಈ ಯಂತ್ರದ ಮೂಲವನ್ನು ಸ್ವಲ್ಪ ನೋಡೋಣ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಇಂಜಿನಿಯರನು ೧೮೯೩ರಲ್ಲಿ ತನ್ನ ಕಲ್ಪನೆಗೆ ಪೇಟೆಂಟ್ ಪಡೆದು, ೧೮೯೭ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಅದನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ನಮ್ಮ ಕಡೆಯ ರೈತರಿಗೆ ಮಾತ್ರ ಡೀಸೆಲ್ ಇಂಜಿನ್ ಎಂದೊಡನೆ ನೆನಪಾಗುವುದು ಕಿರ್ಲೋಸ್ಕರ್ ಎಂಬ ಹೆಸರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಕಬ್ಬಿಣದ ನೇಗಿಲು ಮಾಡಿ, ೧೯೧೦ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅವರ ಮನೆತನದ ಉದ್ಯಮದಿಂದಲೇ ೧೯೪೬ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಸಂಸ್ಥೆ ಹುಟ್ಟಿತು. ಆ ಸಂಸ್ಥೆಯ ಎ.ವಿ. ೧ ಎಂಬ ಇಂಜಿನ್ ಈ ಜಾತಿಗೆ ಒಳ್ಳೆಯ ಮಾದರಿ. ಅದಕ್ಕೆ ಒಂದೇ ಸಿಲಿಂಡರ್. ವ್ಯಾಸ ೮೦ ಮಿಲಿಮೀಟರ್, ಪಿಸ್ಟನ್ನಿನ ಓಡಾಟ ೧೧೦ ಮಿಲಿಮೀಟರ್, ನಿಮಿಷಕ್ಕೆ ೧೫೦೦ ಸುತ್ತು, ಐದು ಅಶ್ವಶಕ್ತಿ.

ಪೆಟ್ರೋಲ್ ಇಂಜಿನಿನಂತೆ ಡೀಸೆಲ್ ಇಂಜಿನಿಗೆ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಇಲ್ಲಿಯೂ ತತ್ತ್ವ ಅದೇ. ಪಿಸ್ಟನ್ ಮೇಲೇರಿ ಗಾಳಿಯನ್ನು ಸುಮಾರು ಹದಿನಾರನೆಯ ಒಂದು ಪಾಲಿಗೆ ಅದುಮಿದಾಗ ಅದರ ಉಷ್ಣತೆ ೫೦೦ ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತದೆ. ಆ ಕ್ಷಣದಲ್ಲಿ ನೋಜಲಿನಿಂದ ಮಂಜಿನಂತೆ ಸಿಂಪಡಿಸಲ್ಪಟ್ಟ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದುದರಿಂದ ಈ ಯಂತ್ರಕ್ಕೆ ಬೇಕಾದವು ಮೂರೇ ಮೂರು: ಸೋರದೆ ಅದುಮಿದ ಗಾಳಿ, ಶುದ್ಧವಾದ ಎಣ್ಣೆ, ಮತ್ತು ಅದು ಸರಿಯಾದ ಹೊತ್ತಿಗೆ ಬಂದು ಬೀಳುವುದು. ನಿಂತ ಇಂಜಿನಿನಲ್ಲಿ ಕೆಡುವುದು ಬಹುಮಟ್ಟಿಗೆ ಮೊದಲಿನ ಎರಡು.

ನಾನು ಮಾಡಿದ ಮೊದಲ ಕೆಲಸ ತಪ್ಪು ಕೆಲಸ. ಹ್ಯಾಂಡಲ್ ಹಾಕಿ ಮೈಭಾರವನ್ನೆಲ್ಲ ಬಿಟ್ಟು ಜೋತುಬಿದ್ದೆನು. ಗಾಲಿ ಕದಲಲಿಲ್ಲ, ಹ್ಯಾಂಡಲ್ ಜಾರಿ ಮೊಣಕೈಗೆ ಬಡಿಯಿತು. ಟ್ರ್ಯಾಕ್ಟರಿಗೆ ಬೆಲ್ಟು ಕಟ್ಟಿ ಎಳೆಯೋಣವೆಂದು ಯೋಚಿಸುತ್ತಿರುವಾಗ, ತಂದೆಯವರು ಕರೆತಂದ ವಯಸ್ಸಾದ ಮಿಸ್ತ್ರಿಯೊಬ್ಬರು ಒಳಗೆ ಬಂದರು.

“ಜೋರ್ ಮಾಡಬ್ಯಾಡ ತಮ್ಮಾ. ಅದು ಸತ್ತಿಲ್ಲ, ಹಿಡ್ಕೊಂಡೈತಿ. ಎಳದ್ರ ರಾಡ್ ಬಾಗತೈತಿ,” ಎಂದರು.

“ಮತ್ತ ಏನ್ ಮಾಡೂದ್ರಿ ಕಾಕಾ?” ಎಂದೆನು.

“ಎಣ್ಣಿ ಹಾಕೂದು, ಕಾಯೂದು.”

ಪಿಸ್ಟನ್ನಿನ ಸುತ್ತಲೂ ಉಕ್ಕಿನ ಬಳೆಗಳಂತಹ ರಿಂಗುಗಳಿರುತ್ತವೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ನಿಂತಾಗ, ತೆರೆದ ವಾಲ್ವಿನ ಮೂಲಕ ಒಳಹೋದ ತೇವದಿಂದ ಅವು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಳ್ಳುತ್ತವೆ. ಕಾಕಾ ನೋಜಲನ್ನು ಬಿಚ್ಚಿ, ಆ ರಂಧ್ರದಿಂದ ಡೀಸೆಲ್ ಮತ್ತು ಇಂಜಿನ್ ಆಯಿಲ್ ಸಮನಾಗಿ ಕೂಡಿಸಿ ಸುರಿದರು. ಹಿಂದೆ ಇದಕ್ಕೆ ಚಿಮಣಿ ಎಣ್ಣೆಯನ್ನೂ ಬಳಸುತ್ತಿದ್ದರಂತೆ. ಕೆಳಗಿಳಿದಷ್ಟನ್ನು ದಿನವೂ ಮತ್ತೆ ತುಂಬುವುದು ನನ್ನ ಕೆಲಸ. ಒಂದು ಕಡೆ ಅಗಿಗಳು ಬಾಡುತ್ತಿರಲು, ಇನ್ನೊಂದು ಕಡೆ ಎಣ್ಣೆ ಇಂಗುವುದನ್ನು ನೋಡುತ್ತ ಕುಳಿತಿರುವುದು ಕಠಿಣವಾಗಿತ್ತು. ನಾಲ್ಕನೆಯ ದಿನ ಸಂಜೆ ಗಾಲಿಯನ್ನು ಎರಡೂ ಕೈಯಿಂದ ಹಿಂದೆ ಮುಂದೆ ಅಲುಗಿಸಿದಾಗ ಅದು ಒಂದು ಬೆರಳಿನಷ್ಟು ಸರಿಯಿತು. ಮುಂದಿನ ಅರ್ಧ ತಾಸಿನಲ್ಲಿ ಒಂದು ಗೇಣು, ಬಳಿಕ ಇಡೀ ಸುತ್ತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ನೋಜಲಿನ ರಂಧ್ರವನ್ನು ಮುಚ್ಚುವ ಮೊದಲು ಗಾಲಿಯನ್ನು ಕೈಯಿಂದ ಹಲವು ಸಲ ತಿರುಗಿಸಿ ಮೇಲಿನ ಎಣ್ಣೆಯನ್ನೆಲ್ಲ ಹೊರಚೆಲ್ಲಬೇಕು. ಗಾಳಿಯನ್ನು ಅದುಮಬಹುದು, ದ್ರವವನ್ನು ಅದುಮಲು ಬರುವುದಿಲ್ಲ. ಅದು ಉಳಿದರೆ ರಾಡ್ ಬಾಗುವುದು ಖಂಡಿತ.

ಆಮೇಲೆ ಶುಚಿಯ ಕೆಲಸ. ಕೆಳಗಿನ ಸಂಪಿನಿಂದ ಕಾಕಂಬಿಯಂತಹ ಹಳೆಯ ಆಯಿಲ್ ಇಳಿಯಿತು. ಅದರ ತಳದಲ್ಲಿ ನೀರಿತ್ತು. ಸಂಪನ್ನು ತೊಳೆದು ಹೊಸ ಆಯಿಲ್ ತುಂಬಿದೆವು. ಟಾಕಿಯಲ್ಲಿ ಉಳಿದಿದ್ದ ಡೀಸೆಲ್ ಅಂಟಾಗಿತ್ತು. ಅದನ್ನು ಚೆಲ್ಲಿ, ತುಕ್ಕು ತೊಳೆದು, ಫಿಲ್ಟರನ್ನು ಬದಲಿಸಿದೆವು. ಗಾಳಿ ಒಳಹೋಗುವ ದಾರಿಯಲ್ಲಿ ಇಲಿಯ ಗೂಡು, ಹೊಗೆಯ ಕೊಳವೆಯಲ್ಲಿ ಕಣಜದ ಮಣ್ಣಿನ ಗೂಡು ಇದ್ದವು. ವಾಲ್ವುಗಳು ಎದ್ದು ಕೂಡುವುದನ್ನು ಒಂದೊಂದಾಗಿ ಪರೀಕ್ಷಿಸಿದೆವು.

ನೋಜಲನ್ನು ಹೊರಗೇ ಅದರ ಕೊಳವೆಗೆ ಜೋಡಿಸಿ ಗಾಲಿ ತಿರುಗಿಸಿದಾಗ ಡೀಸೆಲ್ ತೊಟ್ಟಿಕ್ಕಬಾರದು, ಮಂಜಿನಂತೆ ಚಿಮ್ಮಬೇಕು. ಆ ಚಿಮ್ಮುವಿಕೆಗೆ ಕೈಯನ್ನು ಎಂದಿಗೂ ಅಡ್ಡ ಹಿಡಿಯಬಾರದು. ಚದರ ಸೆಂಟಿಮೀಟರಿಗೆ ಸುಮಾರು ೨೦೦ ಕಿಲೋಗ್ರಾಂ ಒತ್ತಡದಲ್ಲಿ ಬರುವ ಡೀಸೆಲ್ ಚರ್ಮವನ್ನು ಸೀಳಿ ಒಳಹೊಕ್ಕು ಕೈಯನ್ನೇ ಕಳೆಯಬಲ್ಲದು. ಡೀಸೆಲ್ ಪಂಪಿನಲ್ಲಿ ಗವರ್ನರಿಗೆ ಕೂಡಿದ ಸಣ್ಣ ಸರಳೊಂದು ಹಿಂದೆ ಮುಂದೆ ಸರಿದು ಎಣ್ಣೆಯ ಪ್ರಮಾಣವನ್ನು ನಿಯಂತ್ರಿಸುತ್ತದೆ. ನಮ್ಮ ಇಂಜಿನಿನಲ್ಲಿ ಅದು ಪೂರ್ಣ ತೆರೆದ ಸ್ಥಿತಿಯಲ್ಲಿಯೇ ಅಂಟಿಕೊಂಡಿತ್ತು. ಹಾಗೆಯೇ ಚಾಲು ಮಾಡಿದ್ದರೆ ಇಂಜಿನ್ ತಡೆಯಿಲ್ಲದೆ ವೇಗ ಏರಿಸಿಕೊಂಡು, ಗಾಲಿ ಒಡೆದು, ಖೋಲಿಯಲ್ಲಿದ್ದವರ ಪ್ರಾಣಕ್ಕೇ ಬರುತ್ತಿತ್ತು. ರಾತ್ರಿಯಿಡೀ ಅದನ್ನು ಡೀಸೆಲಿನಲ್ಲಿ ನೆನೆಯಿಟ್ಟು ಸಡಿಲಗೊಳಿಸಿದೆವು. ಅಷ್ಟಾದರೂ ಚಾಲು ಮಾಡುವಾಗ ತಂದೆಯವರು ಗಾಳಿಯ ಬಾಯಿಯ ಹತ್ತಿರ ಒಂದು ಹಲಗೆ ಹಿಡಿದು ನಿಂತಿದ್ದರು. ಓಟ ಕೈಮೀರಿದರೆ ಗಾಳಿಯನ್ನು ಮುಚ್ಚಿ ಇಂಜಿನನ್ನು ನಿಲ್ಲಿಸಬಹುದು.

ಇನ್ನು ಉಳಿದುದು ಎಣ್ಣೆಯ ದಾರಿಯಲ್ಲಿ ಸೇರಿದ ಗಾಳಿಯನ್ನು ಹೊರಹಾಕುವುದು. ಕೊಳವೆಯಲ್ಲಿ ಗಾಳಿಯ ಗುಳ್ಳೆಯಿದ್ದರೆ ಪಂಪಿನ ಒತ್ತಡವೆಲ್ಲ ಅದನ್ನು ಅದುಮುವುದರಲ್ಲಿಯೇ ಮುಗಿದು ನೋಜಲ್ ತೆರೆಯುವುದೇ ಇಲ್ಲ. ಮೊದಲು ಫಿಲ್ಟರಿನ ಸ್ಕ್ರೂ, ಬಳಿಕ ಪಂಪಿನದು, ಕೊನೆಗೆ ನೋಜಲಿನ ನಟ್ಟು, ಹೀಗೆ ಕ್ರಮವಾಗಿ ಸಡಿಲಿಸಿ, ಗುಳ್ಳೆಯಿಲ್ಲದ ಎಣ್ಣೆ ಬಂದ ಮೇಲೆ ಬಿಗಿಯಬೇಕು.

ಏಳನೆಯ ದಿನ ಬೆಳಿಗ್ಗೆ ತಂಪು ಹಿಡಿಯುವ ನೀರಿನ ಜಾಗಕ್ಕೆ ಉಗುರುಬೆಚ್ಚಗಿನ ನೀರು ತುಂಬಿದೆವು. ಕಬ್ಬಿಣ ಬೆಚ್ಚಗಿದ್ದರೆ ಅದುಮಿದ ಗಾಳಿಯ ಬಿಸಿ ಬೇಗ ಆರುವುದಿಲ್ಲ. ಮೇಲಿನ ಲಿವರ್ ಎತ್ತಿದರೆ ವಾಲ್ವ್ ತೆರೆದು ಗಾಲಿ ಹಗುರವಾಗುತ್ತದೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹ್ಯಾಂಡಲ್ ಹಿಡಿಯಬೇಕು. ಇಲ್ಲವಾದರೆ ಅದು ಹಿಂದಕ್ಕೆ ಒದ್ದಾಗ ಹೆಬ್ಬೆರಳು ಮುರಿಯುತ್ತದೆ. ವೇಗ ಬಂದೊಡನೆ ಲಿವರ್ ಬಿಡಬೇಕು. ಎರಡು ಸಲ ಬಿಳಿಯ ಹೊಗೆ ಮಾತ್ರ ಬಂದಿತು. ಡೀಸೆಲ್ ಒಳಗೆ ಬರುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ ಎಂದು ಅದರ ಅರ್ಥ. ಕಾಕಾ ಗಾಳಿಯ ದಾರಿಯಲ್ಲಿ ಕೆಲವೇ ಹನಿ ಆಯಿಲ್ ಬಿಟ್ಟರು; ಅದು ಸವೆದ ರಿಂಗುಗಳ ಸಂದನ್ನು ಮುಚ್ಚಿ ಗಾಳಿ ಸೋರದಂತೆ ಮಾಡುತ್ತದೆ. ಮೂರನೆಯ ಸಲಕ್ಕೆ ಇಂಜಿನ್ ಒಂದೆರಡು ಸಲ ಕೆಮ್ಮಿ, ಹಿಡಿದುಕೊಂಡು ಓಡಿತು. ಮೊದಲು ಹೊರೆಯಿಲ್ಲದೆ ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ಎಲ್ಲ ನಟ್ಟುಗಳನ್ನು ನೋಡಿದೆವು. ಬಿಸಿಯಾದ ಮೇಲೂ ಕಪ್ಪು ಹೊಗೆ ಬಂದರೆ ಎಣ್ಣೆ ಹೆಚ್ಚು, ಗಾಳಿ ಕಡಿಮೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದು ತಿಳಿಯಬೇಕು. ನಮ್ಮದು ತುಸು ನೀಲಿಯೇ. ಮುದುಕನಿಗೆ ಅಷ್ಟು ದಮ್ಮು ಇರುವುದೇ ಎಂದು ಕಾಕಾ ನಕ್ಕರು.

ಮಧ್ಯಾಹ್ನಕ್ಕೆ ನೀರು ಮಡಿಗಳನ್ನು ಮುಟ್ಟಿತು. ಅರ್ಧ ಎಕರೆಯ ಅಗಿ ಅದಾಗಲೇ ಒಣಗಿತ್ತು. ಒಂದೂವರೆ ಎಕರೆ ಉಳಿಯಿತು. ಪೂರ್ಣ ಹೊರೆಯಲ್ಲಿ ಇಂತಹ ಇಂಜಿನಿಗೆ ತಾಸಿಗೆ ಸುಮಾರು ಒಂದು ಲೀಟರ್ ಡೀಸೆಲ್ ಬೇಕು. ಆದಕಾರಣ ಹೊಸ ಟಿ.ಸಿ. ಬಂದ ದಿನವೇ ಅದನ್ನು ನಿಲ್ಲಿಸಿದೆವು.

ನಿಲ್ಲಿಸುವಾಗ ಕಾಕಾ ಕೇಳಿದ ಒಂದು ಪ್ರಶ್ನೆಯಿಂದ ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ತಿಳಿಯಿತು. “ಹದಿನೈದು ವರ್ಷ ನಿಂತದ್ದು ಇಷ್ಟ ಸಸಾರ ಬಿಡೂದುಲ್ಲ. ಇದನ್ನ ಯಾರರ ತಿರುಗಸ್ತಿದ್ರೇನು?” ಎಂದರು. ಆಗ ತಂದೆಯವರಿಗೆ ನೆನಪಾಯಿತು. ಕರೆಂಟು ಬಂದ ಮೇಲೂ ಮುತ್ಯಾ ಪ್ರತಿ ಅಮಾವಾಸ್ಯೆಗೆ ಇಂಜಿನಿಗೆ ಕಾಯಿ ಒಡೆದು, ಗಾಲಿಯನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ ಬರುತ್ತಿದ್ದರು. ಸತ್ತ ಯಂತ್ರಕ್ಕೆ ಎಂಥ ಪೂಜೆ ಎಂದು ಮನೆಯವರೆಲ್ಲ ನಗುತ್ತಿದ್ದೆವು, ನಾನೂ ನಕ್ಕಿದ್ದೇನೆ. ಆರು ವರ್ಷಗಳ ಹಿಂದೆ ಅವರು ತೀರಿಕೊಂಡ ಬಳಿಕ ಯಾರೂ ಆ ಖೋಲಿಗೆ ಹೋಗಲಿಲ್ಲ. ಅಂದರೆ ಇಂಜಿನ್ ನಿಂತು ಹದಿನೈದು ವರ್ಷವಾಗಿದ್ದರೂ ಅನಾಥವಾಗಿದ್ದುದು ಆರೇ ವರ್ಷ. ತಿಂಗಳಿಗೊಮ್ಮೆ ಗಾಲಿ ತಿರುಗಿದರೆ ರಿಂಗುಗಳು ಜಾಗ ಬದಲಿಸುತ್ತವೆ, ಆಯಿಲಿನ ಪೊರೆ ಮತ್ತೆ ಹರಡುತ್ತದೆ, ತುಕ್ಕಿಗೆ ನೆಲೆ ಸಿಗುವುದಿಲ್ಲ. ಅಕ್ಷರ ಬಾರದ ಮುತ್ಯಾನಿಗೆ ಇದು ತಿಳಿದಿತ್ತು.

ಈಗ ನಾವು ತಂಪಿನ ನೀರನ್ನೆಲ್ಲ ಇಳಿಸಿ, ಆಯಿಲ್ ಬದಲಿಸಿ, ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು, ಎರಡೂ ವಾಲ್ವುಗಳು ಮುಚ್ಚಿರುವಂತೆ ಪಿಸ್ಟನ್ನನ್ನು ಮೇಲಕ್ಕೆ ತಂದು ನಿಲ್ಲಿಸಿದ್ದೇವೆ. ಹೊಗೆಯ ಕೊಳವೆಗೆ ಡಬ್ಬಿ ಮುಚ್ಚಿದೆ. ಅಮಾವಾಸ್ಯೆಗೆ ನಾನು ಊರಿನಲ್ಲಿದ್ದರೆ ನಾನು, ಕಾಲೇಜಿನಲ್ಲಿದ್ದರೆ ನನ್ನ ತಂಗಿ ಗಾಲಿಯನ್ನು ನಾಲ್ಕು ಸುತ್ತು ತಿರುಗಿಸಿ, ಪಿಸ್ಟನ್ನನ್ನು ಮತ್ತೆ ಮೇಲಕ್ಕೆ ತಂದು ಬಿಡುತ್ತೇವೆ. ತಮ್ಮ ಹೊಲದಲ್ಲಿ ಇಂತಹ ಖೋಲಿಯಿರುವ ಮಿತ್ರರು ಈ ರಜೆಯಲ್ಲಿ ಒಮ್ಮೆ ಕೀಲಿ ತೆಗೆದು ನೋಡಬೇಕೆಂದು ನನ್ನ ವಿನಂತಿ. ಗಾಲಿ ತಿರುಗದಿದ್ದರೆ ಜೋರು ಮಾಡಬೇಡಿರಿ. ಎಣ್ಣೆ ಹಾಕಿ ಕಾಯಿರಿ.