ಹಜ್, ಉಮ್ರಾ ಯಾತ್ರೆಯಲ್ಲಿ ಫೋನು: ಖರ್ಚು ತೀರ್ಮಾನವಾಗುವುದು ಮನೆಯಲ್ಲೇ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯಿಂದ ಹಜ್‌ಗೆ, ಉಮ್ರಾಗೆ ಹೊರಡುವ ಹಿರಿಯರಲ್ಲಿ ಎಷ್ಟೋ ಮಂದಿ ಮೊದಲ ಸಲ ವಿಮಾನ ಹತ್ತುವವರು. ಹತ್ತಿ, ಮೆಣಸಿನಕಾಯಿ, ಕಡಲೆ ಬೆಳೆದು ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಕೂಡಿಟ್ಟ ಹಲಾಲ್ ರೊಕ್ಕ ಅದು. ಇಹ್ರಾಮಿನ ಬಟ್ಟೆ, ಸೊಂಟದ ಪಟ್ಟಿ, ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲವನ್ನೂ ತಿಂಗಳ ಮೊದಲೇ ಹೊಂದಿಸಿಡುತ್ತೇವೆ. ಫೋನಿನ ವಿಷಯವನ್ನು ಮಾತ್ರ ಕೊನೆಯ ದಿನಕ್ಕೆ ಬಿಡುತ್ತೇವೆ. ‘ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು’ ಎಂಬುದು ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು. ಆದರೆ ಫೋನಿನ ಖರ್ಚು ಹೆಚ್ಚೋ ಕಡಿಮೆಯೋ ಎಂಬುದು ಬಹುಮಟ್ಟಿಗೆ ಇಲ್ಲಿ, ಮನೆಯಲ್ಲೇ ತೀರ್ಮಾನವಾಗಿರುತ್ತದೆ.

ನಮ್ಮ ಅಜ್ಜಂದಿರ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಮುಂಬೈಯಿಂದ ಜಿದ್ದಾಕ್ಕೆ ಹಡಗಿನಲ್ಲಿ ಹೋದವರ ಸುದ್ದಿ ಕಾಗದದಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಅವರೇ ಮರಳಿ ಬಂದಾಗ ತಿಳಿಯುತ್ತಿತ್ತು. ಆ ಹಡಗಿನ ಪ್ರಯಾಣ ನಿಂತದ್ದು 1995ರಲ್ಲಿ. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದೂ ಅದೇ ವರ್ಷ ಜುಲೈ 31ರಂದು. ನಡುವಿನ ಕಾಲದಲ್ಲಿ ಎಸ್.ಟಿ.ಡಿ. ಬೂತಿನಲ್ಲಿ ಮೀಟರು ಓಡುವುದನ್ನು ನೋಡುತ್ತಾ ಮಾತಾಡಿದವರು ಈಗಲೂ ನಮ್ಮ ನಡುವೆ ಇದ್ದಾರೆ. 2002ರ ಮಾರ್ಚ್‌ವರೆಗೆ ವಿದೇಶಿ ಕರೆಗಳು ವಿ.ಎಸ್.ಎನ್.ಎಲ್. ಒಂದರ ಕೈಯಲ್ಲೇ ಇದ್ದವು. ಈಗ ಕರೆ ಅಗ್ಗವಾಗಿದೆ. ಆದರೆ ಆಗ ಕಣ್ಣೆದುರು ಕಾಣುತ್ತಿದ್ದ ಮೀಟರು ಈಗ ಕಾಣುವುದಿಲ್ಲ, ಅದು ಒಳಗೇ ಓಡುತ್ತಿರುತ್ತದೆ.

ರೊಕ್ಕ ಸೋರುವುದು ಎಲ್ಲಿ?

ಊರಿನ ಸಿಮ್ ಅನ್ನು ಹೊರದೇಶದಲ್ಲಿ ಬಳಸುವುದಕ್ಕೆ ಅಂತರರಾಷ್ಟ್ರೀಯ ರೋಮಿಂಗ್ ಎನ್ನುತ್ತಾರೆ. ಇದರಲ್ಲಿ ಹಣ ಸೋರುವ ದಾರಿಗಳು ಮೂರು.

ಮೊದಲನೆಯದು, ಬರುವ ಕರೆ. ಊರಲ್ಲಿದ್ದಾಗ ಬರುವ ಕರೆಗೆ ಖರ್ಚಿಲ್ಲ. ಹೊರದೇಶದಲ್ಲಿ ಹಾಗಲ್ಲ. ಅಣ್ಣಿಗೇರಿಯಲ್ಲಿ ಕುಳಿತ ಬೀಗರು ಹಾಜಿಯವರ ಊರಿನ ನಂಬರಿಗೆ ಫೋನ್ ಮಾಡಿದರೆ, ಬೀಗರಿಗೆ ಅದು ಮಾಮೂಲಿ ಕರೆ. ಭಾರತದಿಂದ ಸೌದಿಯವರೆಗಿನ ಖರ್ಚು ಬೀಳುವುದು ಕರೆ ಎತ್ತಿದ ಹಾಜಿಯವರ ಮೇಲೆ. ನಿಮಿಷಕ್ಕೆ 50 ರೂಪಾಯಿ ಎಂದು ಹಿಡಿಯೋಣ. ಹತ್ತು ಜನ ಪ್ರೀತಿಯಿಂದ ಫೋನ್ ಮಾಡಿ ಎರಡೆರಡು ನಿಮಿಷ ‘ದುವಾದಲ್ಲಿ ನೆನಪಿಡಿ’ ಎಂದರೆ ಸಾವಿರ ರೂಪಾಯಿ ಹೋಯಿತು. ಫೋನ್ ಮಾಡಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಎರಡನೆಯದು, ಅಲ್ಲಿದ್ದವರೇ ತಮ್ಮೊಳಗೆ ಮಾಡುವ ಕರೆ. ಮಿನಾದಲ್ಲಿ ಗಂಡಸರು, ಹೆಂಗಸರು ಬೇರೆ ಬೇರೆಯಾಗಿ ಇರುತ್ತಾರೆ. ಗಂಡ ಒಂದು ಡೇರೆಯಲ್ಲಿ, ಹೆಂಡತಿ ನೂರು ಹೆಜ್ಜೆ ಆಚೆ. ಇಬ್ಬರ ಬಳಿಯೂ ಊರಿನ ಸಿಮ್ ಇದ್ದರೆ ಆ ಕರೆ ಸೌದಿಯಿಂದ ಭಾರತದ ನಂಬರಿಗೆ ಹೊರಟು, ಮತ್ತೆ ಸೌದಿಗೆ ಬಂದಂತೆ ಲೆಕ್ಕ. ಮಾಡಿದವರಿಗೂ ಖರ್ಚು, ಎತ್ತಿದವರಿಗೂ ಖರ್ಚು.

ಮೂರನೆಯದು, ನೆಟ್. ಡೇಟಾ ರೋಮಿಂಗ್ ತೆರೆದಿದ್ದರೆ ನಾವು ಫೋನ್ ಮುಟ್ಟದಿದ್ದರೂ ವಾಟ್ಸಾಪ್ ಗುಂಪುಗಳ ಫೋಟೊ, ವಿಡಿಯೋ ತಾವಾಗಿಯೇ ಇಳಿಯುತ್ತಿರುತ್ತವೆ. ಪ್ಯಾಕ್ ಇಲ್ಲದೆ ಇಳಿದ ನೆಟ್‌ನ ದರ ಊರಿನ ದರದ ಹತ್ತಿರಕ್ಕೂ ಬರುವುದಿಲ್ಲ.

ಊರಿನ ಸಿಮ್, ಸೌದಿ ಸಿಮ್: ಯಾವುದು ಯಾವುದಕ್ಕೆ?

ಎರಡು ಸಿಮ್ ಹಿಡಿಯುವ ಫೋನಿದ್ದರೆ ಕೆಲಸ ಹಂಚಿಬಿಡುವುದು ಒಳ್ಳೆಯದು. ಊರಿನ ಸಿಮ್ ಇರುವುದು ಬ್ಯಾಂಕಿನ ಒ.ಟಿ.ಪಿ. ಮತ್ತು ಮುಖ್ಯ ಸಂದೇಶಗಳಿಗೆ. ಬರುವ ಎಸ್.ಎಂ.ಎಸ್.ಗೆ ಸಾಮಾನ್ಯವಾಗಿ ಖರ್ಚಿಲ್ಲ. ಆದರೆ ಅಂತರರಾಷ್ಟ್ರೀಯ ರೋಮಿಂಗ್ ಸೇವೆಯನ್ನು ಹೊರಡುವ ಮೊದಲೇ ತೆರೆಸಿರಬೇಕು. ಮರಳಿ ಬರುವ ದಿನದವರೆಗೆ ಸಾಕಾಗುವಷ್ಟು ಕರೆನ್ಸಿಯನ್ನೂ ಹಾಕಿಸಿರಬೇಕು. ಆ ಸಿಮ್‌ನ ಡೇಟಾ ರೋಮಿಂಗ್ ಬಂದ್ ಮಾಡಿಟ್ಟುಕೊಳ್ಳಿ.

ಮಾತಿಗೂ ನೆಟ್‌ಗೂ ಸೌದಿ ಸಿಮ್. ಎಸ್.ಟಿ.ಸಿ., ಮೊಬೈಲಿ, ಝೈನ್ ಅಲ್ಲಿಯ ಮೂರು ದೊಡ್ಡ ಕಂಪನಿಗಳು. ಯಾತ್ರಿಕರಿಗೆಂದೇ ಇವುಗಳ ಪ್ಯಾಕ್‌ಗಳಿರುತ್ತವೆ. ಸೌದಿಯಲ್ಲಿ ಇರುವವರೆಗೆ ಸೌದಿ ನಂಬರಿಗೆ ಬರುವ ಕರೆ ಉಚಿತ. ಗಂಡ ಹೆಂಡತಿ ಇಬ್ಬರಿಗೂ ಸೌದಿ ಸಿಮ್ ಇದ್ದರೆ ಮಿನಾದ ಆ ಕರೆ ಊರೊಳಗಿನ ಕರೆಯಷ್ಟೇ ಅಗ್ಗ.

ನಮ್ಮ ಕಂಪನಿಗಳ ರೋಮಿಂಗ್ ಪ್ಯಾಕ್‌ಗಳೂ ಇವೆ. ಯಾವುದು ಅಗ್ಗ ಎಂಬುದನ್ನು ದಿನಗಳ ಮೇಲೆ ಲೆಕ್ಕ ಹಾಕಬೇಕು. ಹದಿನೈದು ದಿನದ ಉಮ್ರಾಗೆ ಹೋದ ಒಬ್ಬರು, ನೆಟ್ ಹೆಚ್ಚು ಬಳಸದವರಾದರೆ, ಅವರಿಗೆ ರೋಮಿಂಗ್ ಪ್ಯಾಕ್ ಸಾಕಾಗಬಹುದು. ಹಜ್ ಸಮಿತಿಯ ಮೂಲಕ ಸುಮಾರು ನಲವತ್ತು ದಿನ ಇರುವವರಿಗೆ ಅದನ್ನು ಮತ್ತೆ ಮತ್ತೆ ಹಾಕಿಸಬೇಕಾಗುತ್ತದೆ. ಅವರಿಗೆ ಸೌದಿ ಸಿಮ್ ಲೇಸು. ಅಂಗಡಿಯಲ್ಲಿ ಪ್ಯಾಕಿನ ಬೆಲೆಯೊಂದನ್ನೇ ಕೇಳಬೇಡಿ. ಎಷ್ಟು ದಿನ ನಡೆಯುತ್ತದೆ, ಭಾರತಕ್ಕೆ ಎಷ್ಟು ನಿಮಿಷ, ಬರುವ ಕರೆ ಅದರಲ್ಲಿ ಸೇರಿದೆಯೇ, ಸೌದಿಗೆ ಅನ್ವಯಿಸುತ್ತದೆಯೇ ಎಂಬ ನಾಲ್ಕು ಪ್ರಶ್ನೆ ಕೇಳಿ.

ಸೌದಿಯಲ್ಲಿ 2020ರ ಜುಲೈಯಿಂದ ಮೌಲ್ಯವರ್ಧಿತ ತೆರಿಗೆ ಶೇ. 15 ಇದೆ. ಬೋರ್ಡಿನ ಮೇಲೆ ಬರೆದ ಬೆಲೆ ತೆರಿಗೆ ಸೇರಿಸಿದ್ದೋ ಇಲ್ಲವೋ ವಿಚಾರಿಸಿ. 100 ರಿಯಾಲಿನ ಪ್ಯಾಕ್ ತೆರಿಗೆ ಸೇರಿ 115 ಆದರೆ, ರಿಯಾಲಿಗೆ 24 ರೂಪಾಯಿ ಹಿಡಿದು 2,760 ರೂಪಾಯಿ. ಈ ಲೆಕ್ಕ ಕೈಯಲ್ಲಿದ್ದರೆ ಊರಿನ ಪ್ಯಾಕಿನ ಜೊತೆ ಹೋಲಿಸುವುದು ಸುಲಭ.

ಹಜ್ ಸಮಿತಿಯ ಮೂಲಕ ಹೋದವರಿಗೆ ಸೌದಿ ಸಿಮ್ ಅನ್ನು ಸಮಿತಿಯಿಂದಲೇ ಕೊಟ್ಟದ್ದೂ ಉಂಟು. ಆದ್ದರಿಂದ ತರಬೇತಿ ಶಿಬಿರದಲ್ಲಿ ಮತ್ತು ಬೆಂಗಳೂರಿನ ಹಜ್ ಭವನದಲ್ಲಿ ಈ ಒಂದು ಪ್ರಶ್ನೆ ತಪ್ಪದೆ ಕೇಳಿ. ಸಿಮ್ ಸಿಗುವುದಿದ್ದರೆ ಇನ್ನೊಂದು ಕೊಳ್ಳುವ ಕಾರಣವಿಲ್ಲ.

ಹೆಬ್ಬೆಟ್ಟು ಮೂಡದವರು

ಸೌದಿಯಲ್ಲಿ 2016ರಿಂದ ಸಿಮ್ ಪಡೆಯಲು ಬೆರಳಚ್ಚು ಕೊಡಬೇಕು. ಪಾಸ್‌ಪೋರ್ಟೂ ಬೇಕು. ನಮ್ಮ ಕಡೆ ಇದೇ ಒಂದು ತೊಡಕಾಗಬಹುದು. ಹೊಲದಲ್ಲಿ ದುಡಿದ ರೈತರ, ನವಲಗುಂದದಲ್ಲಿ ಜಮಖಾನೆ ನೇಯ್ದು ಬೆರಳು ಸವೆದ ತಾಯಂದಿರ ಹೆಬ್ಬೆಟ್ಟು ರೇಷನ್ ಅಂಗಡಿಯ ಯಂತ್ರದಲ್ಲೇ ಮೂಡುವುದಿಲ್ಲ. ಅಂಥವರು ಒಬ್ಬರೇ ಸಿಮ್ ಅಂಗಡಿಗೆ ಹೋಗದೆ ಮನೆಯವರನ್ನೋ ತಂಡದವರನ್ನೋ ಜೊತೆಗೆ ಕರೆದುಕೊಂಡು ಹೋಗಿ. ಕೈ ತೊಳೆದು, ಸ್ವಲ್ಪ ಎಣ್ಣೆ ಸವರಿ ಒರೆಸಿ, ಬೇರೆ ಬೇರೆ ಬೆರಳು ಇಟ್ಟು ನೋಡಲು ಹೇಳಿ. ಕಂಪನಿಯ ಅಂಗಡಿಯಲ್ಲೋ ವಿಮಾನ ನಿಲ್ದಾಣದ ಕೌಂಟರಿನಲ್ಲೋ ಮಾತ್ರ ಸಿಮ್ ತೆಗೆದುಕೊಳ್ಳಿ. ಬೇರೆಯವರ ಹೆಸರಲ್ಲಿ ಮೊದಲೇ ಚಾಲೂ ಮಾಡಿದ ಸಿಮ್ ಅನ್ನು ಬೀದಿಯಲ್ಲಿ ಯಾರಾದರೂ ಅಗ್ಗಕ್ಕೆ ಕೊಟ್ಟರೂ ಬೇಡ. ಅದು ಯಾವಾಗ ಬಂದ್ ಆಗುತ್ತದೋ, ಅದರಿಂದ ಯಾವ ತೊಂದರೆ ಬರುತ್ತದೋ ಹೇಳಲಾಗದು.

ಹೊರಡುವ ಮೊದಲು ಫೋನನ್ನೇ ಪರೀಕ್ಷಿಸಿ

ಹಿರಿಯರ ಕೈಯಲ್ಲಿರುವ ಜಿಯೋ ಕೀಪ್ಯಾಡ್ ಫೋನು ಜಿಯೋ ಸಿಮ್‌ಗೆ ಮಾತ್ರ ಕಟ್ಟಿಹಾಕಿದ್ದು. ಅದರಲ್ಲಿ ಸೌದಿ ಸಿಮ್ ನಡೆಯುವುದಿಲ್ಲ. ಇದು ಮಕ್ಕಾದಲ್ಲಿ ಗೊತ್ತಾಗುವ ಬದಲು ಇಲ್ಲೇ ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದು ವಾಸಿ.

ಇ-ಸಿಮ್ ಎಂಬುದನ್ನೂ ಈಗ ಮಾರುತ್ತಾರೆ. ಇದಕ್ಕೆ ಸಿಮ್ ಚೂರು ಬೇಡ, ಫೋನಿನೊಳಗೇ ಸೇರಿಸಿಕೊಳ್ಳುವುದು. ಆದರೆ ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಈ ಸೌಲಭ್ಯ ಇಲ್ಲ. ಪ್ರವಾಸಿಗರ ಇ-ಸಿಮ್‌ಗಳಲ್ಲಿ ಹೆಚ್ಚಿನವು ನೆಟ್ ಮಾತ್ರ ಕೊಡುತ್ತವೆ, ಮಾತಾಡುವ ನಂಬರು ಕೊಡುವುದಿಲ್ಲ. ದಾರಿ ತಪ್ಪಿದ ಹಿರಿಯರಿಗೆ ಬೇಕಾದದ್ದು ಮಾತಾಡುವ ನಂಬರು.

ಸೌದಿ ಸಿಮ್ ಹಾಕಿದಾಗ ವಾಟ್ಸಾಪ್ ‘ನಂಬರು ಬದಲಿಸಬೇಕೇ?’ ಎಂದು ಕೇಳಬಹುದು. ಬೇಡ ಎಂದು ಒತ್ತಿದರೆ ಹಳೆಯ ನಂಬರಿನಲ್ಲೇ ವಾಟ್ಸಾಪ್ ನಡೆಯುತ್ತದೆ. ಫೋಟೊ, ವಿಡಿಯೋ ತಾನಾಗಿ ಇಳಿಯುವುದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿ.

ಇನ್ನು ವಾಟ್ಸಾಪ್ ಕರೆ. ಇಂಟರ್ನೆಟ್ ಕರೆಗಳ ಮೇಲಿನ ನಿರ್ಬಂಧವನ್ನು ಸೌದಿ ಸರ್ಕಾರ 2017ರ ಸೆಪ್ಟೆಂಬರ್‌ನಲ್ಲಿ ಸಡಿಲಿಸಿತು. ಆ ಮೇಲೂ ವಾಟ್ಸಾಪ್ ಕರೆ ಎಲ್ಲ ಕಾಲದಲ್ಲೂ ಸಿಕ್ಕಿಲ್ಲ. ಬರಹದ ಸಂದೇಶ, ಧ್ವನಿ ಸಂದೇಶ ಹೋಗುತ್ತವೆ. ಆದ್ದರಿಂದ ಗೂಗಲ್ ಮೀಟ್‌ನಂಥ ಇನ್ನೊಂದು ಆ್ಯಪ್ ಅನ್ನು ಎರಡೂ ಕಡೆಯ ಫೋನುಗಳಲ್ಲಿ ಹಾಕಿ, ಅಬ್ಬಾ ಹೊಲದಲ್ಲಿದ್ದಾಗ, ಅಮ್ಮಿ ಮನೆಯಲ್ಲಿದ್ದಾಗ ನಾಲ್ಕು ಸಲ ಮಾತಾಡಿಸಿ ರೂಢಿ ಮಾಡಿಸಿ. ಮದೀನಾದಲ್ಲಿ ರೌದಾ ಶರೀಫ್‌ನ ಭೇಟಿಗೆ ಅನುಮತಿ ಪಡೆಯುವ ನುಸುಕ್ ಆ್ಯಪ್, ನಮ್ಮ ಸರ್ಕಾರ 2024ರಲ್ಲಿ ತಂದ ಹಜ್ ಸುವಿಧಾ ಆ್ಯಪ್ ಇವುಗಳನ್ನೂ ಮನೆಯ ನೆಟ್‌ನಲ್ಲೇ ಇಳಿಸಿಕೊಳ್ಳಿ.

ಫೋನು ಮೊದಲು ಯಾರಿಗೆ?

ಫೋನು ಇರುವುದು ಮನೆಯವರೊಡನೆ ಮಾತಾಡಲು ಎಂದು ನಾವು ತಿಳಿಯುತ್ತೇವೆ. ಹಜ್‌ನ ದಿನಗಳಲ್ಲಿ ಅದರ ಮೊದಲ ಕೆಲಸ ಬೇರೆ. ಜೊತೆಗಿರುವವರು ನಮ್ಮನ್ನು ಹುಡುಕಲು ಅದು ಬೇಕು. 2024ರ ಜೂನ್‌ನಲ್ಲಿ ಮಕ್ಕಾದ ಬಿಸಿಲು 50 ಡಿಗ್ರಿ ದಾಟಿತ್ತು. ಆ ಹಜ್‌ನಲ್ಲಿ 1,301 ಮಂದಿ ಮೃತಪಟ್ಟರೆಂದು ಸೌದಿ ಸರ್ಕಾರವೇ ತಿಳಿಸಿತು. ಒಂದೇ ಬಗೆಯ ಸಾವಿರಾರು ಬಿಳಿ ಡೇರೆಗಳ ನಡುವೆ ದಾರಿ ತಪ್ಪಿದ ಎಪ್ಪತ್ತು ವರ್ಷದವರಿಗೆ ಅಂಥ ಬಿಸಿಲಲ್ಲಿ ಒಂದು ಗಂಟೆಯ ಅಲೆದಾಟವೂ ಅಪಾಯ. ‘ಕರೆನ್ಸಿ ಖಾಲಿಯಾದೀತು’ ಎಂಬ ಹೆದರಿಕೆಯಿಂದ ಫೋನ್ ಎತ್ತದಿರುವಂತೆ, ಮಾಡದಿರುವಂತೆ ಅವರಿಗೆ ಆಗಬಾರದು. ಅಗ್ಗದ ಸೌದಿ ಸಿಮ್ ಬೇಕೆನ್ನುವುದು ಮುಖ್ಯವಾಗಿ ಇದಕ್ಕೇ.

ಫೋನಿನ ಚಾರ್ಜು ಮುಗಿಯುತ್ತದೆ, ಜನಸಂದಣಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಕರೆ ಹೋಗದಿದ್ದಾಗಲೂ ಚಿಕ್ಕ ಎಸ್.ಎಂ.ಎಸ್. ಹೋಗುವುದುಂಟು. ಅದಕ್ಕೂ ಮೀರಿ ಒಂದು ಕಾಗದ ಇರಲಿ. ತಂಡದ ಮುಖ್ಯಸ್ಥರ ನಂಬರು, ಜೊತೆಗಾರರ ಸೌದಿ ನಂಬರು, ಮಕ್ಕಾದ ಕಟ್ಟಡದ ಸಂಖ್ಯೆ, ಮಿನಾದ ಡೇರೆಯ ಸಂಖ್ಯೆ, ಮನೆಯ ಒಂದು ನಂಬರನ್ನು ಅದರಲ್ಲಿ ದಪ್ಪಕ್ಷರದಲ್ಲಿ ಬರೆದು, ಪ್ಲಾಸ್ಟಿಕ್‌ನಲ್ಲಿಟ್ಟು ಕೊರಳಿಗೆ ಹಾಕಿ. ಓದು ಬಾರದವರೂ ಅದನ್ನು ಯಾರಿಗಾದರೂ ತೋರಿಸಬಹುದು. ಮಕ್ಕಾದಲ್ಲಿ ತುರ್ತು ಸಹಾಯಕ್ಕೆ 911, ಆಂಬ್ಯುಲೆನ್ಸ್‌ಗೆ 997.

ಮನೆಯಲ್ಲಿ ಉಳಿದವರ ಪಾಲು

ಹಾಜಿಯವರ ಊರಿನ ನಂಬರಿಗೆ ಯಾರೂ ಫೋನ್ ಮಾಡಬಾರದೆಂದು ಬೀಗರು, ನೆರೆಯವರು ಎಲ್ಲರಿಗೂ ಬೀಳ್ಕೊಡುಗೆಯ ದಿನವೇ ತಿಳಿಸಿ. ಮನೆಯ ಒಬ್ಬರು ಮಾತ್ರ ಸುದ್ದಿ ಪಡೆದು ಉಳಿದವರಿಗೆ ಹೇಳಲಿ. ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಸೌದಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ ಬೆಳಗ್ಗೆ ಆರೂವರೆ ಎಂದರೆ ಅಲ್ಲಿ ನಸುಕಿನ ನಾಲ್ಕು. ಅಲ್ಲಿ ಏಳು ಗಂಟೆಗೆ, ಇಲ್ಲಿ ಒಂಬತ್ತೂವರೆಗೆ, ಎರಡು ದಿನಕ್ಕೊಮ್ಮೆ ಐದು ನಿಮಿಷ ಮಾತಾಡಿದರೆ ಸಾಕು. ಇಲ್ಲಿಂದ ಸೌದಿ ನಂಬರಿಗೆ ಮಾಡುವಾಗ ಮೊದಲು 00966 ಒತ್ತಬೇಕು. ಅದು ವಿದೇಶಿ ಕರೆ, ದರ ಕೇಳಿಕೊಂಡು ಮಾಡಿ. ಅಲ್ಲಿಂದ ಇಲ್ಲಿಗೆ 0091.

ದುಲ್‌ಹಜ್ಜ್ 8ರಿಂದ 13ರವರೆಗೆ ಸುದ್ದಿ ಬರದಿದ್ದರೆ ಗಾಬರಿಯಾಗಬೇಡಿ. ಮಿನಾ, ಅರಫಾತ್, ಮುಝ್ದಲಿಫಾದಲ್ಲಿ ಲಕ್ಷಾಂತರ ಜನ ಒಮ್ಮೆಗೇ ಫೋನ್ ಹಿಡಿದಿರುತ್ತಾರೆ. ಈ ಗಾಬರಿಯನ್ನೇ ಮೋಸಗಾರರು ಬಳಸಿಕೊಂಡಾರು. ‘ನಿಮ್ಮ ತಂದೆ ಆಸ್ಪತ್ರೆಯಲ್ಲಿದ್ದಾರೆ, ಕೂಡಲೇ ಹಣ ಹಾಕಿ’ ಎಂದು ಗುರುತಿಲ್ಲದ ನಂಬರಿನಿಂದ ಕರೆ ಬಂದರೆ, ತಂಡದ ಮುಖ್ಯಸ್ಥರನ್ನು ಕೇಳದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಒ.ಟಿ.ಪಿ. ಯಾರಿಗೂ ಹೇಳಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ದುಂದುವೆಚ್ಚ ನಮ್ಮ ದೀನ್‌ನಲ್ಲಿ ಮೆಚ್ಚಿಗೆಯಲ್ಲ. ಇಬಾದತ್ತಿಗೆಂದು ಕೂಡಿಟ್ಟ ರೊಕ್ಕ ಹೀಗೆ ಸೋರಿಹೋಗುವುದು ಇನ್ನೂ ದುಃಖದ ಮಾತು. ಓದು ಬಲ್ಲ ಯುವಕರು ಊರಿನ ಹಾಜಿಗಳ ಮನೆಗೆ ಜುಮಾ ಮುಗಿದ ಮೇಲೆ ಹೋಗಿ, ಅರ್ಧ ಗಂಟೆ ಕುಳಿತು ಅವರ ಫೋನು ಸಿದ್ಧಮಾಡಿ ಕೊಡಲಿ. ಅದೂ ಹಾಜಿಗಳ ಖಿದ್ಮತ್ತೇ. ತವಾಫ್‌ನಲ್ಲಿ ಫೋನು ಜೇಬಿನಲ್ಲಿ ಸದ್ದಿಲ್ಲದೆ ಇರಲಿ, ಬೇಕಾದ ಗಳಿಗೆಯಲ್ಲಿ ಕೆಲಸಕ್ಕೆ ಬರಲಿ. ಹೊರಟವರೆಲ್ಲರ ಹಜ್, ಉಮ್ರಾಗಳನ್ನು ಅಲ್ಲಾಹನು ಸ್ವೀಕರಿಸಲಿ, ಅವರನ್ನು ಸುರಕ್ಷಿತವಾಗಿ ಮನೆಗೆ ಮರಳಿಸಲಿ. ಆಮೀನ್.