ದೇಶ ಸುತ್ತಿದ ಗಲಿವರ

ಮಕ್ಕಳೇ, 'ದೇಶ ಸುತ್ತು, ಕೋಶ ಓದು' ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಪುಸ್ತಕದೊಳಗೇ ದೇಶ ಸುತ್ತುವ ಒಬ್ಬನ ಪರಿಚಯ ಮಾಡಿಕೊಳ್ಳೋಣ. ಅವನ ಹೆಸರು ಗಲಿವರ. ಅವನು ಹಡಗಿನ ವೈದ್ಯ. ನಿಜವಾಗಿ ಬದುಕಿದ್ದವನಲ್ಲ, ಜೊನಾಥನ್ ಸ್ವಿಫ್ಟ್ ಎಂಬ ಐರ್ಲೆಂಡಿನ ಲೇಖಕ ಬರೆದ ಕಾದಂಬರಿಯ ನಾಯಕ. ಆ ಪುಸ್ತಕ 1726ರಲ್ಲಿ ಪ್ರಕಟವಾಯಿತು. ಮುನ್ನೂರು ವರ್ಷಗಳಾಗುತ್ತ ಬಂದರೂ ಜನ ಗಲಿವರನನ್ನು ಮರೆತಿಲ್ಲ. ಏಕಿರಬಹುದು?

ನಿಮ್ಮ ಕಂಪಾಸ ಪೆಟ್ಟಿಗೆಯಲ್ಲಿರುವ ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿರಿ. ಸುಮಾರು ಆರು ಇಂಚು. ಲಿಲಿಪುಟ್ ದೇಶದ ಜನರ ಎತ್ತರ ಅಷ್ಟೇ! ಹಡಗು ಒಡೆದು, ಈಜಿ ದಡ ಸೇರಿ, ಮಲಗಿ ನಿದ್ದೆಹೋದ ಗಲಿವರನ ಕೈಕಾಲುಗಳನ್ನೂ ತಲೆಗೂದಲನ್ನೂ ಅವರು ದಾರಗಳಿಂದ ನೆಲಕ್ಕೆ ಬಿಗಿದರು. ಕೊಲ್ಹಾಪುರದ ಖಾಸಬಾಗ ಮೈದಾನದ ಪೈಲವಾನನನ್ನು ಇರುವೆಗಳು ಕಟ್ಟಿಹಾಕಿದಂತೆ ಅಲ್ಲವೇ? ಅವನ ಒಂದು ದಿನದ ಊಟ ಅಲ್ಲಿಯ 1700ಕ್ಕೂ ಹೆಚ್ಚು ಜನರ ಊಟಕ್ಕೆ ಸಮ.

ನನಗೆ ಬಹಳ ಮೆಚ್ಚುಗೆಯಾದದ್ದು ಅವನಿಗೆ ಬಟ್ಟೆ ಹೊಲಿದ ಸಂಗತಿ. ಇಚಲಕರಂಜಿಯ ಮಕ್ಕಳೇ, ನಿಮ್ಮ ಊರಿನ ಮಗ್ಗಗಳಲ್ಲಿ ಬಟ್ಟೆಯ ಅಗಲ ಎಷ್ಟಿರುತ್ತದೆಂದು ನೋಡಿದ್ದೀರಿ. ಲಿಲಿಪುಟ್ಟಿನ ಬಟ್ಟೆಯ ಅಗಲ ಮೂರೇ ಇಂಚು! ಅಂಗಿ ಹೊಲಿಯಲು ಇನ್ನೂರು ಹೆಂಗಸರು ಬಂದರು. ಸುತ್ತಳತೆಗಾಗಿ ಹೆಬ್ಬೆರಳನ್ನಷ್ಟೇ ಅಳೆದರು. ಅದರ ಎರಡರಷ್ಟು ಮಣಿಕಟ್ಟು, ಮಣಿಕಟ್ಟಿನ ಎರಡರಷ್ಟು ಕುತ್ತಿಗೆ ಎಂದು ಲೆಕ್ಕ ಹಾಕಿದರು. ಒಂದು ದಾರ ತೆಗೆದುಕೊಂಡು ನೀವೂ ಅಳೆದು ನೋಡಿರಿ.

ಇಷ್ಟು ಜಾಣರಾದ ಆ ಜನ ಜಗಳವಾಡುತ್ತಿದ್ದುದು ಯಾವುದಕ್ಕೆ ಗೊತ್ತೇ? ಬೂಟಿನ ಹಿಮ್ಮಡಿ ಎತ್ತರವಿರಬೇಕೋ ಗಿಡ್ಡವಿರಬೇಕೋ ಎಂಬುದಕ್ಕೆ. ಎರಡೂ ಪಕ್ಷದವರನ್ನು ಒಲಿಸಿಕೊಳ್ಳಲು ಯುವರಾಜ ಒಂದು ಹಿಮ್ಮಡಿಯನ್ನು ಎತ್ತರ ಮಾಡಿಸಿಕೊಂಡು ಕುಂಟುತ್ತ ನಡೆಯುತ್ತಿದ್ದ! ಬೇಯಿಸಿದ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕು ಎಂಬ ಜಗಳದಲ್ಲಿ ಸಾವಿರಾರು ಜನ ಸತ್ತಿದ್ದರು. ನೆರೆಯ ಬ್ಲೆಫುಸ್ಕು ದೇಶದೊಡನೆ ಯುದ್ಧ ನಡೆದದ್ದೂ ಇದಕ್ಕಾಗಿಯೇ. ಗಲಿವರ ಆ ದೇಶದ 50 ಯುದ್ಧನೌಕೆಗಳನ್ನು ಕೊಕ್ಕೆ ಹಾಕಿ ಎಳೆದು ತಂದ. ರಾಜನಿಗೆ ಅಷ್ಟು ಸಾಲಲಿಲ್ಲ; ಆ ಜನರನ್ನೆಲ್ಲ ಗುಲಾಮರನ್ನಾಗಿ ಮಾಡು ಎಂದ. ಗಲಿವರ ಒಪ್ಪಲಿಲ್ಲ. ಆ ತಪ್ಪಿಗೆ, ಬೇರೆ ಆರೋಪಗಳನ್ನೂ ಸೇರಿಸಿ, ಅವನ ಎರಡೂ ಕಣ್ಣು ಕೀಳಿಸಬೇಕೆಂದು ತೀರ್ಮಾನವಾಯಿತು. ಗುಟ್ಟಾಗಿ ಸುದ್ದಿ ತಿಳಿದ ಅವನು ಬ್ಲೆಫುಸ್ಕುವಿಗೇ ಓಡಿಹೋದ.

ಸ್ವಿಫ್ಟನ ಕಾಲದಲ್ಲಿ ಇಂಗ್ಲೆಂಡಿನ ಎರಡು ಪಕ್ಷಗಳು ಹೀಗೆಯೇ ಕಚ್ಚಾಡುತ್ತಿದ್ದವು. ದೊಡ್ಡವರನ್ನು ನೇರವಾಗಿ ಟೀಕಿಸಿದರೆ ಶಿಕ್ಷೆಯ ಭಯ. ಆದ್ದರಿಂದ ಅವನು ತನ್ನ ಹೆಸರನ್ನೇ ಹಾಕದೆ, ಗಲಿವರನೇ ಬರೆದನೆಂಬಂತೆ ಪುಸ್ತಕವನ್ನು ಹೊರತಂದ. ಹೀಗೆ ನಗಿಸುತ್ತಲೇ ಚುಚ್ಚುವ ಬರಹಕ್ಕೆ ವಿಡಂಬನೆ ಎನ್ನುತ್ತಾರೆ.

ಹಾಗಾದರೆ ಗಲಿವರನೊಬ್ಬನೇ ಜಾಣನೇ? ಎರಡನೆಯ ಸಲ ಅವನು ಹತ್ತಿದ್ದು ನಮ್ಮ ನೆರೆಯ ಗುಜರಾತಿನ ಸುರತ್‌ಗೆ ಹೊರಟ ಹಡಗನ್ನು. ಬಿರುಗಾಳಿಗೆ ದಾರಿ ತಪ್ಪಿ ಸೇರಿದ್ದು ದೈತ್ಯರ ನಾಡನ್ನು. ನಮ್ಮ ಹೊಲದ ಕಬ್ಬು ಹತ್ತು ಹನ್ನೆರಡು ಅಡಿ ಬೆಳೆದರೆ ಹೆಚ್ಚು. ಅಲ್ಲಿ ಪೈರೇ 40 ಅಡಿ! ರೈತನೊಬ್ಬ ಅವನನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಸಂತೆಯಿಂದ ಸಂತೆಗೆ ಹೊತ್ತು ತಿರುಗಿ, ಹಣ ಪಡೆದು ತೋರಿಸಿದ. ಗಡಹಿಂಗ್ಲಜದ ಸಂತೆಯಲ್ಲಿ ನಿಮ್ಮನ್ನೇ ಗೊಂಬೆಯಂತೆ ಆಟಕ್ಕಿಟ್ಟರೆ ಹೇಗಾದೀತು? ಕೊನೆಗೆ ರಾಣಿ ಅವನನ್ನು ಕೊಂಡುಕೊಂಡಳು. ಒಂದು ದಿನ ಗಲಿವರ ಅಲ್ಲಿಯ ರಾಜನಿಗೆ, ಮದ್ದುಗುಂಡು ಮಾಡುವುದನ್ನು ಕಲಿಸಿಕೊಡುತ್ತೇನೆ, ಊರಿಗೆ ಊರನ್ನೇ ನಾಶ ಮಾಡಬಹುದು ಎಂದು ಹೆಮ್ಮೆಯಿಂದ ಹೇಳಿದ. ಇಷ್ಟು ಸಣ್ಣ ಪ್ರಾಣಿಯ ಬಾಯಲ್ಲಿ ಇಂಥ ಕ್ರೂರ ಮಾತೇ ಎಂದು ರಾಜ ನಡುಗಿದ. ಗುಲಾಮಗಿರಿ ಬೇಡ ಎಂದಿದ್ದ ಅದೇ ಗಲಿವರ! ಲಿಲಿಪುಟ್ಟಿನವರನ್ನು ನೋಡಿ ಅವನೊಡನೆ ನಕ್ಕ ನಾವು, ಇಲ್ಲಿ ಅವನನ್ನೇ ನೋಡಿ ನಗಬೇಕಾಗುತ್ತದೆ. ನಗುತ್ತ ನಗುತ್ತ, ನಾವು ಯಾವ ಮೊಟ್ಟೆಗಾಗಿ ಜಗಳವಾಡುತ್ತಿದ್ದೇವೆ ಎಂದೂ ಅನಿಸಿಬಿಡುತ್ತದೆ.

ಊರಿಗೆ ಮರಳಿದ ಮೇಲಿನ ಅವನ ಪಾಡು ಕೇಳಿರಿ. ದೈತ್ಯರನ್ನು ನೋಡಿ ನೋಡಿ ರೂಢಿಯಾದ ಕಣ್ಣಿಗೆ ತನ್ನ ಊರಿನವರೇ ಲಿಲಿಪುಟ್ಟಿನವರಂತೆ ಕಂಡರು. ಎಲ್ಲಿ ತುಳಿದುಬಿಡುತ್ತೇನೋ ಎಂದು, ದಾರಿ ಬಿಡಿ ಎಂದು ಕೂಗುತ್ತ ನಡೆದ. ತಲೆ ತಾಕೀತೆಂದು ತನ್ನ ಮನೆಯ ಬಾಗಿಲಲ್ಲೇ ಬಗ್ಗಿ ಒಳಗೆ ಹೋದ. ಇನ್ನು ಸಮುದ್ರಕ್ಕೆ ಹೋಗಕೂಡದು ಎಂದಳು ಹೆಂಡತಿ. ಆದರೆ ಹತ್ತು ದಿನ ಕಳೆಯುವುದರೊಳಗೆ ಹಡಗಿನ ನಾಯಕನೊಬ್ಬ ಕರೆಯಲು ಬಂದ. ಗಲಿವರ ಮತ್ತೆ ಹೊರಟ. ಈ ಸಲ ಅವನ ಹಡಗು ಮೂರು ವಾರ ತಂಗಿದ್ದು ಇಂದಿನ ಚೆನ್ನೈಯಲ್ಲಿ.